ಹಿಂದಿನ ಗಾಜಿನ ಹನಿ

ಟಪ್.

ಮಳೆ ನಿಂತು ಬಹಳ ಹೊತ್ತಾಗಿತ್ತು. ಯಜಮಾನ ಗಂಗಾಧರಯ್ಯನವರ ಕಾರಿನ ಕೊಟ್ಟಿಗೆಯ ಹೆಂಚುಗಳು ಕೂಡ ತೊಟ್ಟಿಕ್ಕುವುದನ್ನು ಬಿಟ್ಟಿದ್ದವು. ಆದರೂ ಬಾಗಿಲು ಮುಚ್ಚಿ ಅಂಗಳದಲ್ಲಿ ನಿಂತಿದ್ದ ಕರಿ ಕಾರಿನೊಳಗಿನಿಂದ ಸದ್ದು ಬರುತ್ತಲೇ ಇತ್ತು. ಹಿಂದಿನ ಸೀಟಿನ ಮೇಲೆ ಒಂದು ಹನಿ. ಸ್ವಲ್ಪ ತಡೆದು ಇನ್ನೊಂದು. ಮಂಚಯ್ಯ ಹಿಂದಿನ ಗಾಜಿಗೆ ಕಿವಿ ಕೊಟ್ಟು ಕೇಳಿದ. ಅದರ ಅಂಚಿಗೆ ತಾನು ಮತ್ತೆ ಮತ್ತೆ ಮೇಣ ತುಂಬಿದ್ದೆಲ್ಲ ಸುಳ್ಳಾಗಿತ್ತು.

"ಏನಂತದ್ಲಾ ಕಾರು?" ಡ್ರೈವರ್ ಪುಟ್ಟರಾಜು ಬೀಡಿ ಹಚ್ಚುತ್ತ ಬಂದ. "ನಿಮ್ಮಪ್ಪ ಬಾವಿ ನೀರ ಈಚೆಗೆ ತಗುದ. ನೀನು ಮಳೆ ನೀರ ಒಳಕ್ಕೆ ಬುಟ್ಕತಾ ಇದ್ದೀಯ. ಒಳ್ಳೆ ಮನೆತನ ಕಣ್ಲಾ ನಿಮ್ದು!"

ಬೇರೆ ದಿನವಾಗಿದ್ದರೆ ಮಂಚಯ್ಯ ನಗುತ್ತಿದ್ದ. ಇವತ್ತು ನಗು ಬರಲಿಲ್ಲ. ನಾಳೆ ಆ ಸೀಟಿನ ಮೇಲೆ ಅವನ ತಾಯಿ ಮಲಗಬೇಕಾಗಿತ್ತು.

ಮಾದಮ್ಮನ ಎಡಗಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದ ಬಲಗಣ್ಣಿಗೆ ಪೊರೆ ಬಂದಿತ್ತು. ಹಾಸನದ ಆಸ್ಪತ್ರೆಯಲ್ಲಿ ಪೊರೆ ತೆಗೆದು ಪಟ್ಟಿ ಕಟ್ಟಿದ್ದರು. ಮಂಚಯ್ಯನ ಹೆಂಡತಿ ಮಲ್ಲಿಗಮ್ಮ ಅತ್ತೆಯ ಜೊತೆಗಿದ್ದಳು. ಪಟ್ಟಿ ನೆನೆಯಬಾರದು, ತಲೆ ಕುಲುಕಬಾರದು, ಬಸ್ಸಂತೂ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಪುನರ್ವಸು ಮಳೆ ಹಿಡಿದ ಕಾಲ. ಅರಕಲಗೂಡಿಗೆ ಹೇಗೆ ಕರೆತರುವುದು ಎಂದು ಮಂಚಯ್ಯ ಕೂತಿದ್ದಾಗ ಗಂಗಾಧರಯ್ಯನವರ ಹೆಂಡತಿ ಜಯಲಕ್ಷ್ಮಮ್ಮ ಗಂಡನಿಗೆ ಹೇಳಿದ್ದರು: "ಮದುವೆಯಾಗಿ ಬಂದಾಗಿನಿಂದ ನೋಡ್ತಿದ್ದೀನಿ, ನಮ್ಮ ಹಟ್ಟಿ ಬಾಗಿಲು ಗುಡಿಸಿದವಳು ಅವಳೇ. ಕಾರು ಕಳಿಸಿ." ಗಂಗಾಧರಯ್ಯ ಎಲೆಗೆ ಸುಣ್ಣ ಸವರುತ್ತ, "ಆಗಲಿ. ಸೀಟಿನ ಮೇಲೆ ಒಂದು ಜಮಖಾನ ಹಾಸ್ಕಳ್ಳಿ" ಎಂದಿದ್ದರು.

ಸೋರುವುದನ್ನು ನಿಲ್ಲಿಸುವುದು ಮಂಚಯ್ಯನಿಗೆ ಹುಟ್ಟಿನಿಂದ ಬಂದ ಕೆಲಸ. ಅವನ ಅಪ್ಪ ಬೈರಯ್ಯ ಕಪಿಲೆ ಬಾವಿಗಳಿಗೆ ತೊಗಲಿನ ಬಾನಿ ಹೊಲಿಯುತ್ತಿದ್ದ. ಎತ್ತುಗಳು ಹಗ್ಗ ಎಳೆದಾಗ ಬಾವಿಯಿಂದ ನೀರು ತುಂಬಿಕೊಂಡು ಮೇಲೆ ಬರುವ ಬಾನಿ. ಹೊಲಿಗೆಯ ಮೇಲೆ ಜೇನುಮೇಣ, ಹರಳೆಣ್ಣೆ, ರಾಳ ಕಾಸಿ ಸವರಿದರೆ ಒಂದು ತೊಟ್ಟೂ ಹೊರಗೆ ಬೀಳುತ್ತಿರಲಿಲ್ಲ. ಆಮೇಲೆ ತೋಟಗಳಿಗೆ ಪಂಪುಗಳು ಬಂದವು. ಕಪಿಲೆಯ ಗಾಲಿಗಳು ಬಾವಿಕಟ್ಟೆಗಳ ಮೇಲೆಯೇ ಗೆದ್ದಲು ಹಿಡಿದವು. ಬೈರಯ್ಯ ತೀರಿಕೊಂಡ ಮೇಲೆ ಮಂಚಯ್ಯ ಅದೇ ಮೇಣದ ಡಬ್ಬಿ ಹಿಡಿದು ಸೈಕಲ್ ಟ್ಯೂಬು, ಪಂಪಿನ ಪೈಪು, ಕೊಡೆ, ಕೊನೆಗೆ ಕಾರಿನ ಗಾಜಿನವರೆಗೂ ಬಂದ. ಸೋರುವುದೇನೇ ಇದ್ದರೂ ಊರಿನವರು ಅವನನ್ನೇ ಕರೆಯುತ್ತಿದ್ದರು.

ಈ ಕಾರು ಮಾತ್ರ ಅವನಿಗೆ ಬಗ್ಗಲಿಲ್ಲ. ಈ ಮುಂಗಾರಿನಲ್ಲೇ ಸೋರಲು ಶುರುವಾದದ್ದು. "ಕೆಳಗಡೆಯಿಂದ ಬತ್ತಾ ಐತೆ, ಗಾಜಿನ ಬುಡದಲ್ಲೇ ನೀರು ನಿಂತೈತೆ" ಎಂದು ಪುಟ್ಟರಾಜು ಮುಂದಿನ ಸೀಟಿನಿಂದ ಕತ್ತು ತಿರುಗಿಸಿ ನೋಡಿ ಹೇಳಿದ್ದ. ಮಂಚಯ್ಯ ಹೊರಗೆ ನಿಂತು ಗಾಜಿನ ಸುತ್ತಲಿನ ರಬ್ಬರಿನ ಕೆಳ ಅಂಚಿಗೆ ಮೇಣ ತುಂಬಿದ್ದ. ಸೋರಿತು. ಮತ್ತೆ ತುಂಬಿದ. ಮತ್ತೆ ಸೋರಿತು. ಕಾರನ್ನು ತೊಳೆದಿದ್ದ, ಒರೆಸಿದ್ದ, ಚಕ್ರ ಬಿಚ್ಚಿ ಹಾಕಿದ್ದ. ಹಿಂದಿನ ಸೀಟಿನಲ್ಲಿ ಅವನು ಕೂತಿರಲಿಲ್ಲ, ಪುಟ್ಟರಾಜುವೂ ಕೂತಿರಲಿಲ್ಲ. ಅದು ಯಜಮಾನರ ಸೀಟು. ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಟಪ್.

ಆ ಹನಿ ಬಿದ್ದ ಜಾಗವನ್ನು ಮಂಚಯ್ಯ ಗಾಜಿನಾಚೆಯಿಂದ ನೋಡಿದ. ಅವ್ವನ ತಲೆ ಬರುವುದು ಅಲ್ಲಿಗೇ. ಆಗ ಅಪ್ಪನ ನೆನಪಾಯಿತು. ಬಾನಿಯಲ್ಲಿ ತೂತು ಹುಡುಕುವಾಗ ಅಪ್ಪ ಹೊರಗಿನಿಂದ ನೋಡುತ್ತಲೇ ಇರಲಿಲ್ಲ. ಬಾನಿಯನ್ನು ಬಿಸಿಲಿಗೆ ಹಿಡಿದು ಒಳಗೆ ತಲೆ ತೂರಿಸುತ್ತಿದ್ದ. ಕತ್ತಲೊಳಗೆ ಎಲ್ಲಿ ಬೆಳಕಿನ ಚುಕ್ಕಿ ಕಂಡರೆ ಅಲ್ಲೇ ತೂತು.

ಮಂಚಯ್ಯ ತೊಟ್ಟಿಯ ಹತ್ತಿರ ಹೋಗಿ ಕಾಲು ತೊಳೆದ. ಟವೆಲಿನಿಂದ ಅಂಗಾಲು ಒರೆಸಿಕೊಂಡ. ಬಂದು ಹಿಂದಿನ ಬಾಗಿಲು ತೆಗೆದ.

"ಲೋ, ಲೋ! ಏನ್ ಮಾಡ್ತಿದ್ದೀಯ? ಯಜಮಾನ್ರು ಜಗುಲಿ ಮ್ಯಾಲೇ ಅವ್ರೆ ಕಣ್ಲಾ!"

"ಒಂದು ಕೊಡ ನೀರು ತಕ್ಕಂಡು ಗಾಜಿನ ಮ್ಯಾಲೆ ಉಯ್ಯಿ, ಪುಟ್ಟರಾಜು."

"ನೀನು ಒಳಗಾ?"

"ನಾಳೆ ನಮ್ಮವ್ವ ಇಲ್ಲೇ ಅಲ್ವಾ ಮಲಗೋದು."

ಅವನು ಒಳಗೆ ಹೋಗಿ ಸೀಟಿನ ಮೇಲೆ ಅಂಗಾತ ಮಲಗಿದ. ಪುಟ್ಟರಾಜು ಕೊಡ ಹಿಡಿದು ಜಗುಲಿಯ ಕಡೆ ನೋಡುತ್ತ ನಿಂತುಬಿಟ್ಟ. ಗಂಗಾಧರಯ್ಯ ಎದ್ದು ನಿಂತಿದ್ದರು. ಬಾಯಲ್ಲಿದ್ದ ಎಲೆಯ ರಸವನ್ನು ಅಂಗಳದ ಮೂಲೆಗೆ ಉಗಿದರು. ಕಾರಿನ ಬಾಗಿಲಾಚೆ ಇಳಿಬಿದ್ದಿದ್ದ ಮಂಚಯ್ಯನ ಪಾದಗಳನ್ನು ಸ್ವಲ್ಪ ಹೊತ್ತು ನೋಡಿದರು.

"ಯಾಕೋ ಗರುಡಗಂಬದ ಹಂಗೆ ನಿಂತೆ?" ಎಂದರು ಪುಟ್ಟರಾಜುವಿಗೆ. "ಉಯ್ಯೋ ನೀರ."

ನೀರು ಗಾಜಿನ ಮೇಲೆ ಹರಡಿ ಇಳಿಯಿತು. ಒಳಗೆ ಮಲಗಿದವನಿಗೆ ಆಕಾಶ ಕಲಸಿಹೋದಂತೆ ಕಂಡಿತು. ಅವನು ಉಸಿರು ಹಿಡಿದು ನೋಡಿದ. ಕೆಳಗಿನ ಅಂಚು ಒಣಗಿಯೇ ಇತ್ತು. ಮೇಲೆ, ಎಡ ಮೂಲೆಯಲ್ಲಿ, ರಬ್ಬರಿನ ತುಟಿಯಡಿಯಿಂದ ಒಂದು ಮಣಿ ಹುಟ್ಟಿತು. ಅಂಚನ್ನು ಹಿಡಿದು ಮೆಲ್ಲಗೆ ಇಳಿಯಿತು, ಬುಡದಲ್ಲಿ ಕೆರೆ ಕಟ್ಟಿತು, ತುಂಬಿ ಕೆಳಗೆ ಬಿತ್ತು. ಅವನ ಕೆನ್ನೆಯ ಮೇಲೆ.

ಬಿದಿರಿನ ಸೀಳಿನಿಂದ ರಬ್ಬರನ್ನು ಎತ್ತಿದಾಗ ಒಂದು ನೂಲು ಕಂಡಿತು. ಹೊರಗಿನಿಂದ ಒಳಕ್ಕೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ನೂಲಿಗೆ ಒಣಗಿದ ಚೆಂಡುಹೂವಿನ ತೊಟ್ಟೊಂದು ಅಂಟಿತ್ತು. ಹೋದ ಆಯುಧಪೂಜೆಯಲ್ಲಿ ಕಾರಿನ ಹಿಂದುಗಡೆ ಹಾರ ಕಟ್ಟಲು ಹಿಡಿಯೂ ಇಲ್ಲ, ಕೊಕ್ಕೆಯೂ ಇಲ್ಲ ಎಂದು ಮಂಚಯ್ಯನೇ ಅದರ ತುದಿಯನ್ನು ರಬ್ಬರಿನಡಿಗೆ ತುರುಕಿದ್ದ. ಹಬ್ಬ ಮುಗಿದ ಮೇಲೆ ಹೂವು ಕಿತ್ತು ಬಂತು, ನೂಲು ಉಳಿಯಿತು. ದೀಪದ ಬತ್ತಿ ಎಣ್ಣೆ ಕುಡಿಯುವಂತೆ ಅದು ಮಳೆ ಕುಡಿಯುತ್ತಿತ್ತು.

"ನೀನೇ ಕಟ್ಟಿ, ನೀನೇ ಹುಡುಕ್ದಂಗಾಯ್ತು" ಎಂದ ಪುಟ್ಟರಾಜು.

"ಊಂ ಕಣಪ್ಪ. ಪೂಜೆ ಜೋರಾಗೇ ಮಾಡಿದ್ದೆ."

ನೂಲನ್ನು ಎಳೆದು, ಸಂದನ್ನು ಒರೆಸಿ, ಕೆಂಡದ ಬಿಸಿಗೆ ಒಣಗಿಸಿ, ಬೆಚ್ಚಗಿನ ಮೇಣವನ್ನು ಬೆರಳಿನಿಂದ ತೀಡಿ ರಬ್ಬರನ್ನು ಕೂರಿಸಿದ. ಮತ್ತೆ ನೀರು ಹೊಯ್ಯಿಸಿದ. ಸಾಲದೆಂದು ಇನ್ನೊಂದು ಕೊಡ. ಮಲಗಿಯೇ ಇದ್ದ. ಏನೂ ಬೀಳಲಿಲ್ಲ.

ಮರುದಿನ ಗೊರೂರು ದಾಟಿದ ಮೇಲೆ ಮಳೆ ಹಿಡಿಯಿತು. ಮಲ್ಲಿಗಮ್ಮ ಮುಂದೆ ಗಂಟು ಮಡಿಲಲ್ಲಿಟ್ಟು ಕೂತಿದ್ದಳು. ಮಂಚಯ್ಯ ಹಿಂದಿನ ಸೀಟಿನಲ್ಲಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟು, ಅಲುಗದಂತೆ ಎರಡು ಕೈಯಲ್ಲೂ ಹಿಡಿದಿದ್ದ. ಗುಂಡಿ ಬಂದಾಗೆಲ್ಲ ಪುಟ್ಟರಾಜು ಕೆರೆಗೆ ಎಮ್ಮೆ ಇಳಿಸಿದಂತೆ ನಿಧಾನವಾಗಿ ಇಳಿಸಿದ.

"ಮಳೆ ಬತ್ತಾ ಐತಾ, ಮಗ?"

"ಜೋರಾಗೇ ಬತ್ತಾ ಐತೆ ಕಣವ್ವ."

"ಸದ್ದು ಕೇಳ್ತದೆ. ನೀರೆಲ್ಲಿ?"

"ಆಚೆಗೇ ಐತೆ."

ಮಾದಮ್ಮ ಕೈಯೆತ್ತಿ ಪಟ್ಟಿಯನ್ನು ಮುಟ್ಟಿ ನೋಡಿಕೊಂಡಳು. ಒಣಗಿತ್ತು. "ನಿಮ್ಮಪ್ಪನ ಮೇಣದ ವಾಸ್ನೆ ಬತ್ತದೆ" ಎಂದಳು.

ಕಾರು ಯಜಮಾನರ ಮನೆಯ ಮುಂದೆ ನಿಂತಾಗ ತುಂತುರು ಇತ್ತು. ಗಂಗಾಧರಯ್ಯ ಕೊಡೆ ಹಿಡಿದು ಇಳಿದು ಬಂದರು. ಮಂಚಯ್ಯ ಕೆಳಗಿಳಿದು ಕೈಮುಗಿದ.

"ಹೆಂಗೋ, ಸೋರ್ತಾ?"

"ಇಲ್ಲ ಸ್ವಾಮಿ. ಒಂದು ತೊಟ್ಟೂ ಇಲ್ಲ."

"ಈ ಸಲ ಆಯುಧಪೂಜೆಗೆ ಹಾರ ಎಲ್ಲಿಗೆ ಕಟ್ತೀಯ ಮತ್ತೆ?"

"ಬಾಗ್ಲ ಹಿಡಿಗೇ ಸ್ವಾಮಿ. ಹಿಂದುಗಡೆಗೆ ಬರೀ ಕುಂಕುಮ."

ಗಂಗಾಧರಯ್ಯ ನಕ್ಕರು. ಆಮೇಲೆ ನಗು ನಿಂತಿತು. ಕೊಡೆಯ ಕಾವನ್ನು ತಿರುವುತ್ತ, "ಅಲ್ಲ ಕಣೋ ಮಂಚ, ನಿನ್ನೆ ನೀನು ಕೇಳದೆ ನನ್ನ ಸೀಟಿನ ಮೇಲೆ ಮಲಗಿದ್ಯಲ್ಲ, ಅದೇನಂದ್ರೆ..." ಎಂದರು.

ಹಿಂದೆ ಕಾರಿನ ಬಾಗಿಲಲ್ಲಿ ಮಾದಮ್ಮನ ಪಾದ ನೆಲ ಹುಡುಕುತ್ತಿತ್ತು. ಮಂಚಯ್ಯ ತಿರುಗಿದ. ಗೋಣಿಯ ಕೊಪ್ಪೆಯನ್ನು ಅವ್ವನ ತಲೆಯ ಮೇಲೆ ಹಿಡಿದು, ಕೈಗೆ ಕೈ ಕೊಟ್ಟು, "ಮೆಲ್ಲಕೆ ಕಣವ್ವ, ಇಲ್ಲಿ ಕೆಸರು" ಎನ್ನುತ್ತ ತಮ್ಮ ಕೇರಿಯ ಕಡೆ ನಡೆದ. ಗಂಗಾಧರಯ್ಯ ಇನ್ನೂ ಏನೋ ಹೇಳುತ್ತಿದ್ದರು.