ಶಾಂತಕ್ಕನ ಸಿರುಗುಪ್ಪ ಲೈನು

ಶಾಂತಕ್ಕನ ಬಲಗಿವಿಯಲ್ಲಿ ಕೆಂಪು ಹರಳಿನ ಬೆಂಡೋಲೆ ಹೊಳೆಯುತ್ತಿರುತ್ತಿತ್ತು, ಎಡಗಿವಿ ಬೋಳಾಗಿರುತ್ತಿತ್ತು. ಬಳ್ಳಾರಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅದನ್ನೇ ನೋಡುತ್ತಾ ನಿಂತಿದ್ದೆ. ಪಾಪ, ಒಂದು ಓಲೆ ಎಲ್ಲೋ ಬಿದ್ದುಹೋಗಿದೆ, ಹೇಳಬೇಕೋ ಬೇಡವೋ ಎಂದು ಸಂಕೋಚ. ಕೊನೆಗೆ ಧೈರ್ಯ ಮಾಡಿ "ಎಕ್ಸ್‌ಕ್ಯೂಸ್ ಮಿ, ನಿಮ್ಮದೊಂದು ಓಲೆ..." ಅಂದೆ. ಆಕೆ ತಲೆ ಎತ್ತದೆ, ಸೆರಗಿನ ಪಿನ್ನಿಗೆ ಸಿಕ್ಕಿಸಿದ್ದ ಇನ್ನೊಂದು ಓಲೆಯನ್ನು ಬೆರಳಿನಿಂದ ತಟ್ಟಿ ತೋರಿಸಿದಳು.

"ಈ ಹೆಡ್‌ಸೆಟ್ ಹಾಕ್ಕೊಂಡು ದಿನಾ ಕುಂತು ನೋಡು, ನೀನೂ ತಗೀತಿ. ಓಲಿ ತಿರುಪು ಚುಚ್ಚಿ ಚುಚ್ಚಿ ಜೀವಾ ತಿಂತೈತಿ. ಯಾವ ಸಾಲಿ ನಿಂದು?"

"ಕಾನ್ವೆಂಟ್."

"ಬಾಯಿ ತೆಗೆದಾಗಲೇ ಗೊತ್ತಾತು ಬಿಡು."

ಆವತ್ತಿನಿಂದ ನಾನು ಅವಳಿಗೆ 'ಕಾನ್ವೆಂಟು'. ಅಪ್ಪ ಅಮ್ಮ ಇಟ್ಟ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಬೇರೆ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ತಾಸುಗಟ್ಟಲೆ ಕಾಯಬೇಕಿತ್ತು. ನಾವು ಹೆಣ್ಣುಮಕ್ಕಳು ದೊಡ್ಡ ಬೋರ್ಡಿನ ಮುಂದೆ ಸಾಲಾಗಿ ಕುಳಿತು, ಯಾವ ದೀಪ ಹತ್ತಿತೋ ಅಲ್ಲಿ ವೈರು ಚುಚ್ಚಿ "ನಂಬರ್ ಪ್ಲೀಸ್" ಅನ್ನುತ್ತಿದ್ದೆವು. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನಗೆ ಆ ಜಾಬ್ ಸಿಕ್ಕಿತ್ತು. ಶಾಂತಕ್ಕನಿಗೆ ಇಂಗ್ಲಿಷಿನ ಹಂಗಿರಲಿಲ್ಲ. ಹತ್ತಿ ವ್ಯಾಪಾರಿಯೊಬ್ಬ ದಿನಾ "ಏಮ್ಮಾ, ಗುಂತಕಲ್ ಲೈನು ದೊರಿಕಿಂದಾ ಲೇದಾ?" ಎಂದು, ಲೈನು ಸಿಕ್ಕಿತೋ ಇಲ್ಲವೋ ಅಂತ ತೆಲುಗಿನಲ್ಲಿ ಕಿವಿ ಹರಿಯುವಂತೆ ಕೂಗುತ್ತಿದ್ದ. ಶಾಂತಕ್ಕ ತಣ್ಣಗೆ, "ಸಾವ್ಕಾರ್ರ, ಈಗ ಒದರಿದ್ರಲ್ಲ, ಹಂಗ ಇನ್ನೊಮ್ಮಿ ಒದರ್ರಿ. ಲೈನ್ ಇಲ್ಲದನ ಗುಂತಕಲ್ಲಿಗಿ ಕೇಳತೈತಿ" ಅನ್ನುತ್ತಿದ್ದಳು.

ಆಕೆ ಕುರುಗೋಡಿನ ಲಿಂಗಾಯತರ ಮನೆಯ ಮಗಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದರೆ, "ವರ ನೋಡಾಕ ಬಂದಾಗೆಲ್ಲ ಉಪ್ಪಿಟ್ಟಿಗಿ ಹಿಡಿ ಹಿಡಿ ಉಪ್ಪು ಹಾಕಿದೆ. ಕುರುಗೋಡಿನ್ಯಾಗ ಉಪ್ಪು ತುಟ್ಟಿ ಆತು, ವರಗೋಳು ಬರೋದು ನಿಂತ್ರು" ಎಂದು ನಗಿಸುತ್ತಿದ್ದಳು. ತಂದೆ ತಾಯಿ ಇರಲಿಲ್ಲ. ಅಣ್ಣ ವೀರಭದ್ರಣ್ಣ ಕುರುಗೋಡಿನಲ್ಲಿ ಹತ್ತಿ ದಲಾಲಿ ಮಾಡುತ್ತಿದ್ದ. ತಂಗಿಯ ನೌಕರಿ ಅವನಿಗೆ ಇಷ್ಟವಿರಲಿಲ್ಲ, ಆದರೆ ಸರ್ಕಾರಿ ನೌಕರಿ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ಇಷ್ಟವಿತ್ತು. ಹಾಗಾಗಿ ಶಾಂತಕ್ಕ ಬಳ್ಳಾರಿಯಲ್ಲಿ ಒಂದು ಕೋಣೆ ಹಿಡಿದು ಇರಲು ಸಾಧ್ಯವಾಗಿತ್ತು.

ಬೆಳಗಿನ ಡ್ಯೂಟಿಯಲ್ಲಿ ಎಲ್ಲಕ್ಕಿಂತ ಮೊದಲು ಪ್ರತಿ ಊರಿನ ಲೈನ್ ಟೆಸ್ಟ್ ಮಾಡಬೇಕು. ಆಪರೇಟರುಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರಿನ ಹೆಸರೇ ನಮ್ಮ ಹೆಸರು. "ಹಲೋ ಹೊಸಪೇಟೆ, ಹೌ ಡು ಯು ಹಿಯರ್ ಮಿ?" "ಕ್ಲಿಯರ್, ಬಳ್ಳಾರಿ." ಮುಗಿಯಿತು. ಸಿರುಗುಪ್ಪದ ಲೈನನ್ನು ಮಾತ್ರ ಶಾಂತಕ್ಕ ಯಾರಿಗೂ ಬಿಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಮಾತಾಡುತ್ತಿದ್ದಳು.

"ಸಿರುಗುಪ್ಪ, ಹೆಂಗ ಕೇಳತೈತಿ?"

ಆ ಕಡೆಯ ಮಾತು ನಮಗೆ ಕೇಳುತ್ತಿರಲಿಲ್ಲ. ಈ ಕಡೆಯದು ಮಾತ್ರ. "ಇಲ್ಲ, ಇಲ್ಲಿ ಮಳಿ ಇಲ್ಲ... ಕಾಲಿವಿಗಿ ನೀರು ಬಿಟ್ರೇನು?... ಚಾ ಕುಡದಿ?... ಹೂಂ. ನಂದೂ ಆತು."

ಇಷ್ಟೇ. ಸೂಪರ್‌ವೈಸರ್ ಮೇಡಂ ನಮ್ಮ ಬೆನ್ನ ಹಿಂದೆ ಕುಳಿತಿರುತ್ತಿದ್ದರು, ಬೇಕೆಂದಾಗ ಯಾರ ಲೈನಿಗಾದರೂ ಕಿವಿ ಹಚ್ಚಬಹುದಿತ್ತು. ಮಳೆ, ಕಾಲುವೆ, ಚಹಾ: ಇವಕ್ಕಿಂತ ಆಚೆ ಹೋಗುವಂತಿರಲಿಲ್ಲ.

ಒಮ್ಮೆ ಶಾಂತಕ್ಕನಿಗೆ ಜ್ವರ ಬಂದು, ಸಿರುಗುಪ್ಪದ ಟೆಸ್ಟ್ ನನ್ನ ಪಾಲಿಗೆ ಬಂತು.

"ಹಲೋ ಸಿರುಗುಪ್ಪ, ಹೌ ಡು ಯು ಹಿಯರ್ ಮಿ?"

ಆ ಕಡೆಯಿಂದ ಒಂದು ತೆಳುವಾದ ದನಿ. "ಬಳ್ಳಾರಿ ಎಲ್ಲಿ?"

"ಬಳ್ಳಾರಿನೇ ಮಾತಾಡ್ತಾ ಇರೋದು."

"ನೀವಲ್ಲರಿ. ಬಳ್ಳಾರಿ ಎಲ್ಲಿ ಹೋದ್ಲು?"

ಜ್ವರ, ರಜಾ ಹಾಕಿದ್ದಾರೆ ಎಂದೆ. ಲೈನ್ ಕ್ಲಿಯರ್ ಇದೆಯೋ ಇಲ್ಲವೋ ಹೇಳದೆ ಆ ದನಿ ಹೊರಟುಹೋಯಿತು. ಮಧ್ಯಾಹ್ನದ ಬಸ್ಸಿಗೆ ಸಿರುಗುಪ್ಪವೇ ಬಳ್ಳಾರಿಗೆ ಬಂತು. ಸಣ್ಣ ಮೈಕಟ್ಟು, ಕೈಯಲ್ಲಿ ಛತ್ರಿ, ಬೆವರಿಗೆ ಅಳಿಸಿದ ವಿಭೂತಿ. ಗೇಟಿನಲ್ಲಿ ನಿಂತು ಶಾಂತಾ ಅವರ ರೂಮು ಎಲ್ಲಿ ಎಂದು ಕೇಳುತ್ತಿದ್ದಳು. ಹೆಸರು ಗಿರಿಜಾ. ನಾನೇ ಕರೆದುಕೊಂಡು ಹೋದೆ.

ಬಾಗಿಲು ತೆರೆದಾಗ ಶಾಂತಕ್ಕ ಚಾಪೆಯ ಮೇಲೆ ಮಲಗಿದ್ದಳು. ನೋಡಿದ ಕೂಡಲೇ ಬೈದಳು. "ಲೇ, ಬೋರ್ಡ್ ಬಿಟ್ಟು ಬಂದೀಯಲ್ಲ, ಸಿರುಗುಪ್ಪಕ್ಕ ಬೆಂಕಿ ಬಿದ್ರ ಯಾರಿಗಿ ಹೇಳಬೇಕು?"

"ಬೀಳಲಿ," ಎಂದಳು ಗಿರಿಜಾ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿ, ಪಕ್ಕದಲ್ಲಿ ಕುಳಿತು, ಶಾಂತಕ್ಕನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಶಾಂತಕ್ಕ ಅವಳ ಅಂಗೈಯನ್ನು ತೆಗೆದುಕೊಂಡು ತನ್ನ ತುಟಿಗೆ ಒತ್ತಿಕೊಂಡಳು. ನಾನು ತಂದಿದ್ದ ಬ್ರೆಡ್ಡಿನ ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು, ಬಾಗಿಲು ಮುಂದಕ್ಕೆ ಎಳೆದುಕೊಂಡು ಬಂದೆ.

ಡ್ಯೂಟಿಗೆ ವಾಪಸ್ಸಾದ ದಿನ ಆಕೆಯೇ ಹೇಳಿದಳು. "ಕಾನ್ವೆಂಟು, ನೀ ದಡ್ಡಿ ಅಲ್ಲ, ನೋಡಿದ್ದು ನೋಡೀದಿ. ಗಂಡ ಹೆಂಡ್ತಿ ಹೆಂಗ ಇರ್ತಾರೋ ನಾವು ಹಂಗ ಇರಬೇಕಂತೀವಿ. ಒಂದು ಮನಿ, ಒಂದು ಒಲಿ. ಇಷ್ಟ ನೋಡು."

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದೇ ಬಾಯಿಗೆ ಬಂತು. "ಗಾಡ್ ಬ್ಲೆಸ್ ಯು" ಅಂದುಬಿಟ್ಟೆ.

"ನಿಮ್ಮ ಗಾಡ್‌ಗ ಟ್ರಾನ್ಸ್‌ಫರ್ ಮಾಡ್ಸಾಕ ಬರತೈತೇನು ಕೇಳಿ ನೋಡು," ಎಂದಳು ಶಾಂತಕ್ಕ.

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ನಮ್ಮ ಊರಿನ ರಸ್ತೆಯಲ್ಲೇ ಕಾಮನಬಿಲ್ಲಿನ ಬಣ್ಣದ ಬಾವುಟ ಹಿಡಿದು ಹುಡುಗ ಹುಡುಗಿಯರು ನಡೆಯುತ್ತಿದ್ದಾರೆ. "ಅಜ್ಜಿ, ನಿಮ್ಮ ಕಾಲದಲ್ಲಿ ಇಂಥವರು ಇರಲಿಲ್ಲ ಅಲ್ವಾ?" ಎಂದಳು. ಇದ್ದರು ಕಣೇ. ಬೆಳಿಗ್ಗೆ ಎದ್ದು ಲೈನ್ ಟೆಸ್ಟ್ ಮಾಡುತ್ತಿದ್ದರು.

ಗಿರಿಜಾಗೆ ಬಳ್ಳಾರಿಗೆ ಟ್ರಾನ್ಸ್‌ಫರ್ ಸಿಕ್ಕರೆ ಎಲ್ಲವೂ ಸುಲಭವಿತ್ತು. ಒಂದೇ ಆಫೀಸಿನ ಇಬ್ಬರು ಹೆಣ್ಣುಮಕ್ಕಳು ಒಂದೇ ಮನೆಯಲ್ಲಿದ್ದರೆ ಆಗ ಯಾರೂ ಹುಬ್ಬೇರಿಸುತ್ತಿರಲಿಲ್ಲ, ಭದ್ರತೆ ಎಂದು ಮೆಚ್ಚಿಕೊಳ್ಳುತ್ತಿದ್ದರು. ಗಿರಿಜಾ ವರ್ಷ ವರ್ಷವೂ ಅರ್ಜಿ ಹಾಕಿದಳು, ವರ್ಷ ವರ್ಷವೂ ಬಳ್ಳಾರಿಯಲ್ಲಿ ಜಾಗವಿಲ್ಲ ಎಂದು ಬಂತು. ಒಂದು ಸಲ ಸಿಕ್ಕೇಬಿಡುತ್ತದೆ ಎನ್ನಿಸಿದಾಗ ಶಾಂತಕ್ಕ ನನ್ನನ್ನು ಕೌಲ್ ಬಜಾರಿಗೆ ಎಳೆದುಕೊಂಡು ಹೋಗಿ ಒಂದು ಮನೆ ತೋರಿಸಿದಳು. ಎರಡು ಕೋಣೆ, ಹಿತ್ತಲಲ್ಲಿ ನುಗ್ಗೆ ಗಿಡ. ಮನೆಯ ಒಡತಿ ಖಾಸಿಂಬಿ ಎಂಬ ಮುದುಕಿ, "ಇಬ್ರೂ ಹೆಣ್ಮಕ್ಳಾ? ಬಹುತ್ ಅಚ್ಛಾ ಆತು. ಗಂಡಸ್ರಿಗಿ ಕೊಟ್ರ ಗ್ವಾಡಿ ತುಂಬ ಎಲಿ ಅಡಿಕಿ ಉಗೀತಾರ" ಎಂದಳು. ಶಾಂತಕ್ಕ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ವಾಪಸ್ ಬರುವಾಗ ಮಿರ್ಚಿ, ಒಗ್ಗರಣೆ ಮಂಡಕ್ಕಿ ಕೊಡಿಸಿದಳು. ಆಕೆ ಅಷ್ಟು ಮಾತಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ. ಹಾಸಿಗೆ ಎಲ್ಲಿ ಹಾಸಬೇಕು, ಗಿರಿಜಾಗೆ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ ಬರುವುದಿಲ್ಲ, ಕಿಟಕಿಗೆ ಪರದೆ ಬೇಕು... ಆ ಸಲವೂ ಜಾಗವಿಲ್ಲ ಎಂದೇ ಬಂತು. ಖಾಸಿಂಬಿ ಎಷ್ಟು ದಿನ ಕಾಯುತ್ತಾಳೆ? ಯಾರಿಗೋ ಕೊಟ್ಟಳು.

ಎಂಬತ್ತರ ದಶಕದಲ್ಲಿ ಆಫೀಸಿನಲ್ಲಿ ಲಾಡು ಹಂಚಿದರು. ಸಿರುಗುಪ್ಪಕ್ಕೆ ಆಟೋಮ್ಯಾಟಿಕ್ ಮೆಷಿನ್ ಬರುತ್ತದೆ, ಜನ ತಾವೇ ಡಯಲ್ ತಿರುಗಿಸಿ ಮಾತಾಡಬಹುದು. ಎಲ್ಲರಿಗೂ ಖುಷಿ. ಶಾಂತಕ್ಕ ತನ್ನ ಲಾಡುವನ್ನು ಬೋರ್ಡಿನ ಅಂಚಿಗೆ ಇಟ್ಟಳು, ಸಂಜೆಗೆ ಇರುವೆ ಮುತ್ತಿತ್ತು. ಸಿರುಗುಪ್ಪಕ್ಕೆ ಇನ್ನು ಆಪರೇಟರ್ ಬೇಕಿರಲಿಲ್ಲ. ಗಿರಿಜಾಗೆ ದೂರದ ಬೀದರಿಗೆ ಪೋಸ್ಟಿಂಗ್ ಬಂತು. ಅಷ್ಟು ದೂರ ಹೆಣ್ಣುಮಗಳನ್ನು ಕಳಿಸುವುದಿಲ್ಲ ಎಂದು ಅವಳ ಅಪ್ಪ ಹಟ ಹಿಡಿದರು. ಹಚ್ಚೊಳ್ಳಿಯ ಒಬ್ಬ ಎರಡನೇ ಸಂಬಂಧದವನು ಬಂದು ನೋಡಿಕೊಂಡು ಹೋದ.

ಸಿರುಗುಪ್ಪದ ಬೋರ್ಡು ಮುಚ್ಚುವ ದಿನ ನಮ್ಮಲ್ಲಿಗೆ ಯಾರೋ ಆಫೀಸರ್ ಬಂದಿದ್ದರು. ಬೆಳಗಿನ ಟೆಸ್ಟಿನಲ್ಲಿ ಚಹಾದ ಮಾತಿಗೂ ಆಸ್ಪದವಾಗಲಿಲ್ಲ. ಮಧ್ಯಾಹ್ನ ಡ್ಯೂಟಿ ಮುಗಿಸಿ ಶಾಂತಕ್ಕ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಗೇಟಿನ ಬಳಿಯ ಪಬ್ಲಿಕ್ ಬೂತಿನ ದೀಪ ನನ್ನ ಮುಂದೆ ಹತ್ತಿತು.

"ಸಿರುಗುಪ್ಪಕ್ಕೊಂದು ಪಿ.ಪಿ. ಕಾಲ್ ಹಚ್ಚಮ್ಮ." ಶಾಂತಕ್ಕನ ದನಿ. ಹಳ್ಳಿಯವರ ಜೊತೆ ಪಾಳಿ ಹಚ್ಚಿ ನಿಂತು ಬುಕ್ ಮಾಡಿದ್ದಳು. ಪಿ.ಪಿ. ಎಂದರೆ ಇಂಥವರೇ ಬೇಕೆಂದು ಹೆಸರು ಹೇಳಿ ಮಾಡುವ ಕಾಲ್.

ನಿಯಮದಂತೆ ಕೇಳಿದೆ. "ಯಾರನ್ನ ಕರೀಬೇಕು?"

"ಗಿರಿಜಾ."

ಆ ಹೆಸರನ್ನು ಶಾಂತಕ್ಕ ಲೈನಿನ ಮೇಲೆ ಹೇಳಿದ್ದು ಅದೇ ಮೊದಲು. ಜೋಡಿಸಿದೆ. ಮಾತು ಸರಿಯಾಗಿ ಕೇಳುತ್ತಿದೆಯೋ ಎಂದು ಆಪರೇಟರ್ ನೋಡಬೇಕು, ಮೂರು ನಿಮಿಷಕ್ಕೆ ನಡುವೆ ಬಾಯಿ ಹಾಕಿ ಎಚ್ಚರಿಸಬೇಕು. ನಾನು ಹೆಡ್‌ಸೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ದೀಪ ಉರಿಯುತ್ತಲೇ ಇತ್ತು.

"ವಿಚ್ ಕಾಲ್ ಇಸ್ ದಟ್? ಇಷ್ಟು ಹೊತ್ತು?" ಎಂದರು ಮೇಡಂ.

"ಲೈನ್ ಟೆಸ್ಟ್, ಮೇಡಂ."

ಮೇಡಂ ನನ್ನ ತೊಡೆಯ ಮೇಲಿದ್ದ ಹೆಡ್‌ಸೆಟ್ಟನ್ನು ನೋಡಿದರು, ಗಡಿಯಾರ ನೋಡಿದರು, ಆಮೇಲೆ ಆಫೀಸರಿಗೆ ಚಹಾ ಬಂತೋ ಇಲ್ಲವೋ ನೋಡಲು ಎದ್ದು ಹೋದರು.

ಆ ಮಾತುಕತೆಯ ಬಗ್ಗೆ ಶಾಂತಕ್ಕ ಆಮೇಲೆ ನನಗೆ ಹೇಳಿದ್ದು ಸ್ವಲ್ಪವೇ. "ರಾಜಿನಾಮಿ ಕೊಡಬ್ಯಾಡ, ಬೀದರಿಗಿ ಹೋಗು, ನಾನೂ ಬಿಟ್ಟು ಬರ್ತೀನಿ ಅಂದೆ. ಆಕಿ ಮುಂಜಾನೇನ ಕೊಟ್ಟುಬಿಟ್ಟಿದ್ಲು. ಕೆಳಗ ಇಬ್ರು ತಂಗೇರು ಅದಾರ, ನಾ ಹಿಂಗ ಮಾಡಿದ್ರ ಅವರನ್ನ ಯಾರು ಮಾಡ್ಕೊಂತಾರ ಅಂದ್ಲು. ನಾ ಏನ್ ಹೇಳಲಿ?"

ಗಿರಿಜಾ ಮದುವೆಯಾಗಿ ಹಚ್ಚೊಳ್ಳಿಗೆ ಹೋದಳು. ನಾಲ್ಕೈದು ವರ್ಷದಲ್ಲಿ ನಮ್ಮ ಬೋರ್ಡೂ ಮುಚ್ಚಿತು. ಮೊಣಕಾಲು ನೋವು, ಒಬ್ಬಳೇ ಇರುವುದು ಬೇಡ ಎಂದು ವೀರಭದ್ರಣ್ಣ ನೌಕರಿ ಬಿಡಿಸಿ ತಂಗಿಯನ್ನು ಕುರುಗೋಡಿಗೆ ಕರೆದುಕೊಂಡು ಹೋದ.

ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ಅಲ್ಲಿಯೇ. ಮದುವೆಯಾಗಿ ಬಳ್ಳಾರಿಯಲ್ಲೇ ಇದ್ದ ನಾನು ಒಂದು ದಿನ ಬಸ್ಸು ಹತ್ತಿ ಹೋದೆ. ವೀರಭದ್ರಣ್ಣ ಬಾಗಿಲಲ್ಲೇ ಸಿಕ್ಕ. "ನಮ್ಮ ತಂಗಿ ರಾಣಿ ಇದ್ದಂಗ ಅದಾಳರಿ. ಅಂಗಳ ದಾಟಾಕೂ ಬಿಡಂಗಿಲ್ಲ ನಾವು" ಎಂದ. ಸುಳ್ಳಲ್ಲ. ಪ್ರೀತಿಯಿಂದಲೇ ಬಿಡುತ್ತಿರಲಿಲ್ಲ. ನಡುಮನೆಯಲ್ಲಿ ಹೊಸ ಫೋನಿತ್ತು, ಅದರ ಡಯಲ್ಲಿಗೆ ಒಂದು ಪುಟ್ಟ ಬೀಗ, ಕೀಲಿ ಅವನ ಉಡಿದಾರದಲ್ಲಿ. "ಹುಡುಗ್ರು ಸುಮ್ಮನ ತಿರುವ್ತಾವು, ಅದಕ್ಕ" ಎಂದ. ಅವನ ಮಕ್ಕಳು ಹಾಸ್ಟೆಲಿನಲ್ಲಿದ್ದರು.

ಊಟವಾಗಿ ಅಣ್ಣ ಅಂಗಡಿಗೆ ಹೋದ, ಅತ್ತಿಗೆ ಒಳಗೆ ಮಲಗಿದಳು. ನಾನು ಬೀಗವನ್ನೇ ನೋಡುತ್ತಿದ್ದುದನ್ನು ಕಂಡು ಶಾಂತಕ್ಕ ನಕ್ಕಳು. ರಿಸೀವರ್ ಎತ್ತಿ, ಅದನ್ನಿಡುವ ಗುಂಡಿಯನ್ನು ಬೆರಳಿನಿಂದ ಟಕಟಕ ಒತ್ತತೊಡಗಿದಳು. ಎರಡಕ್ಕೆ ಎರಡು ಸಲ, ಐದಕ್ಕೆ ಐದು ಸಲ. ಡಯಲ್ ಮುಟ್ಟದೆ ನಂಬರ್ ಹಚ್ಚುವ ಈ ವಿದ್ಯೆ ನಮ್ಮಂಥವರಿಗೆ ಮಾತ್ರ ಗೊತ್ತಿದ್ದದ್ದು.

"ಶಾಂತಕ್ಕ! ಹಾಗಾದರೆ ಬೀಗ ಇದ್ದರೂ ನೀನು ಗಿರಿಜಾ ಜೊತೆ..."

"ಆಕಿ ಮನ್ಯಾಗ ಫೋನ್ ಇಲ್ಲಲ್ಲೇ." ಬೆರಳು ನಿಲ್ಲಲಿಲ್ಲ. "ಊರ ಪೋಸ್ಟಾಫೀಸಿನ್ಯಾಗ ಒಂದು ಐತಂತ. ಕರಸಿದ್ರ ಆಕಿ ಹಿಂದ ಊರೆಲ್ಲ ಬರತೈತಿ."

"ಮತ್ತೆ ಈಗ ಯಾರಿಗೆ?"

"ನಿನ್ನ ಮನೀಗಿ."

"ನಾನು ಇಲ್ಲೇ ಇದ್ದೀನಲ್ಲ. ಅಲ್ಲಿ ಯಾರೂ ಇಲ್ಲ."

"ಗೊತ್ತೈತಿ. ಸುಮ್ಮನ ಗಂಟಿ ಕೇಳು."

ರಿಸೀವರನ್ನು ಇಬ್ಬರ ಕಿವಿಗೂ ತಾಗುವಂತೆ ಹಿಡಿದಳು. ಬಳ್ಳಾರಿಯಲ್ಲಿ ನನ್ನ ಖಾಲಿ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು. ಆಕೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಒಳಗೆ ಅತ್ತಿಗೆಯ ಬಳೆ ಸಪ್ಪಳವಾಯಿತು. ಶಾಂತಕ್ಕ ರಿಸೀವರ್ ಮೆಲ್ಲಗೆ ಇಟ್ಟು, ಅದರ ಮೇಲೆ ಕಸೂತಿ ಬಟ್ಟೆ ಮುಚ್ಚಿ, ಅಂಚು ನೇರ ಮಾಡಿದಳು.

"ನೀವು ಮಕ್ಕೊಳ್ರಿ ಅತ್ತಿಗಿ," ಎಂದಳು, "ಚಾ ನಾ ಇಡ್ತೀನಿ."