ಅರವತ್ತೈದು ಕಿಲೋಗೆ ಇಳಿದವನು

ನನ್ನ ಗಂಡ ನನಗೆ ಹೊಡೆದದ್ದು ಒಂದೇ ಸಲ. ಈರುಳ್ಳಿ ಹುರಿದದ್ದಕ್ಕೆ.

ಪಂದ್ಯಕ್ಕೆ ಹನ್ನೆರಡು ದಿನ ಉಳಿದಿತ್ತು. ಮೊಟ್ಟೆಯ ಬಿಳಿ ಮತ್ತು ಸೌತೆಕಾಯಿ ಬಿಟ್ಟು ಬೇರೇನೂ ಅವನ ಹೊಟ್ಟೆಗೆ ಬೀಳುತ್ತಿರಲಿಲ್ಲ. ನಾನು ಅತ್ತೆಗೆಂದು ಈರುಳ್ಳಿ ಹುರಿಯುತ್ತಿದ್ದೆ. ವಾಸನೆಗೆ ಎದ್ದು ಬಂದವನು ಬಾಣಲೆಯನ್ನು ಎತ್ತಿ ಗೋಡೆಗೆ ಬಡಿದ, ನನ್ನ ಕೆನ್ನೆಗೆ ಬಾರಿಸಿದ. ನಾನು ಸೌಟಿನಲ್ಲಿ ಅವನ ಮೂಗಿಗೆ ಕೊಟ್ಟೆ. ರಕ್ತ ಬಂತು.

ಅತ್ತೆ ಬಾಗಿಲಲ್ಲಿ ನಿಂತು, "ಇನ್ನೊಂದು ಕೊಡು. ಆ ಕಡೆ ಹೊಳ್ಳೆ ಖಾಲಿ ಇದೆ" ಅಂದರು.

ಅವನು ನೆಲದ ಮೇಲೆ ಕೂತು ನಕ್ಕ. ಆಮೇಲೆ ಚೆಲ್ಲಿದ ಈರುಳ್ಳಿಯನ್ನು ನೋಡುತ್ತಾ ಅತ್ತ.

ಅವನು ಮಾಂಸದ ಅಂಗಡಿಯಲ್ಲಿ ಮೂಳೆ ಬಿಡಿಸುವವನು. ಬೆಳಗ್ಗೆ ಐದರಿಂದ ಮಧ್ಯಾಹ್ನದವರೆಗೆ ನಿಂತೇ ಕೆಲಸ. ಸಂಜೆ ಮೂರು ತಾಸು ಕಿಕ್‌ಬಾಕ್ಸಿಂಗ್ ಅಭ್ಯಾಸ. ಹೊಡೆದರೂ ಒದ್ದರೂ ಹಿಂದೆ ಸರಿಯುವುದಿಲ್ಲ ಎಂದು ಅಖಾಡದವರು ಅವನನ್ನು ಗೂಟ ಎಂದು ಕರೆಯುತ್ತಿದ್ದರು. ನಾವಿಬ್ಬರೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು, ಮದುವೆಯಾದ ಮೇಲೂ ಏಕವಚನದಲ್ಲೇ ಮಾತು.

ಹೋದ ವರ್ಷ ಅಖಾಡಕ್ಕೆ ಒಬ್ಬ ಊಟದ ಡಾಕ್ಟರಮ್ಮ ಬಂದಿದ್ದರು. ಯಾರು ಏನು ತಿನ್ನಬೇಕು ಎಂದು ಹೇಳುವುದೇ ಅವರ ಕೆಲಸ. ಅವನ ತೋಳು, ಸೊಂಟ ಎಲ್ಲ ಅಳೆದು ನನ್ನನ್ನು ಕರೆದು ಕೂರಿಸಿದರು.

"ಇವರ ಮೈಗೆ ಎರಡಾಳಿನ ಊಟ ಬೇಕಮ್ಮ. ಅಭ್ಯಾಸಕ್ಕೆ ಮುಂಚೆ ಅನ್ನ, ಆಲೂಗಡ್ಡೆ ಕೊಡಿ. ಮುಗಿದ ಮೇಲೆ ಮೊಟ್ಟೆ, ಮಾಂಸ, ಹಾಲು. ತೂಕ ಇಳಿಸೋದಾದ್ರೆ ವಾರಕ್ಕೆ ಅರ್ಧ ಕಿಲೋ. ಅದಕ್ಕಿಂತ ಬೇಗ ಇಳಿದ್ರೆ ಹೋಗೋದು ಕೊಬ್ಬಲ್ಲ, ನೀರು."

ನಾನು ಹಾಗೇ ಬೇಯಿಸಿ ಹಾಕಿದೆ. ಮೂರು ತಿಂಗಳಿಗೆ ಅವನ ಬೆನ್ನು ಬಾಗಿಲಿನಷ್ಟಾಯಿತು. ತನ್ನ ಮೈಯ ತೂಕ ಎಪ್ಪತ್ತೆರಡು ಕಿಲೋ ಗುಂಪಿನಲ್ಲೇ ಆಡಿ, ಎದುರಾಳಿಯ ಪಕ್ಕೆಲುಬು ಎರಡನೇ ಸುತ್ತಿನಲ್ಲಿ ಮುರಿದ. ಮುರಿದ ಸದ್ದು ನನಗೆ ಮೂರನೇ ಸಾಲಿಗೆ ಕೇಳಿಸಿತು. ಸುಳ್ಳು ಯಾಕೆ ಹೇಳಲಿ, ನಾನು ಎದ್ದು ಕೂಗಿದೆ.

ಆದರೆ ಅವನಿಗೆ ಬೇಕಾದವನು ಎಪ್ಪತ್ತೆರಡರಲ್ಲಿ ಇರಲಿಲ್ಲ. ಕೊಡಲಿ ಎಂದು ಹೆಸರಾದವನು ಅರವತ್ತೈದರ ಗುಂಪಿನಲ್ಲಿ ಆಡುತ್ತಿದ್ದ. ಎರಡು ವರ್ಷದ ಹಿಂದೆ, ಇಬ್ಬರೂ ಒಂದೇ ತೂಕದಲ್ಲಿ ಆಡುತ್ತಿದ್ದಾಗ, ನನ್ನವನ ದವಡೆ ಮುರಿದಿದ್ದ. ಆರು ವಾರ ನಾನು ಕೊಳವೆಯಲ್ಲಿ ಗಂಜಿ ಕುಡಿಸಿದ್ದೆ.

ಅಖಾಡದ ಮಾಸ್ಟರು ಅದೇ ಗಾಯಕ್ಕೆ ಬೆರಳು ಹಾಕಿದರು. "ಎಪ್ಪತ್ತೆರಡರಲ್ಲಿ ನೀನು ಕುಳ್ಳ ಕಣೋ. ಅರವತ್ತೈದಕ್ಕೆ ಇಳಿ, ರಾಕ್ಷಸ ಆಗ್ತೀಯ."

"ಬೇಡ. ಏಳು ಕಿಲೋ ಎಲ್ಲಿಂದ ತೆಗೀತೀಯ? ಕಾಲು ಕಡಿದು ಇಡ್ತೀಯಾ?" ಎಂದೆ ಗಂಡನಿಗೆ.

"ಒಂದೇ ಸಲ ಕಣೆ. ಅವನ ಹಲ್ಲು ನೆಲಕ್ಕೆ ಬೀಳ್ಬೇಕು. ಆಮೇಲೆ ನೀನು ಹಾಕಿದ್ದು ತಿಂದ್ಕೊಂಡು ಬಿದ್ದಿರ್ತೀನಿ."

ನನಗೆ ಅವನು ನೆಟ್ಟಗೆ ಮನೆಗೆ ಬಂದರೆ ಸಾಕಿತ್ತು. ಅವನಿಗೆ ಕೊಡಲಿಯೇ ಬೇಕಾಗಿತ್ತು. ನಾನು ಸೋತೆ.

ನಾನು ಲಾಂಡ್ರಿಯಲ್ಲಿ ಕೆಲಸದವಳು. ಅಲ್ಲಿ ಬಟ್ಟೆ ಒಣಗಿಸುವ ಬಿಸಿ ಕೋಣೆ ಇದೆ. ತಗಡಿನ ಬಾಗಿಲು, ಚಿಲಕ ಹೊರಗಡೆ. ಭಾನುವಾರ ರಜೆ, ಬೀಗದ ಕೈ ನನ್ನ ಹತ್ತಿರ. ಸೋಮವಾರ ಬೆಳಗ್ಗೆ ತೂಕ, ಸಂಜೆ ಐದಕ್ಕೆ ಪಂದ್ಯ. ಅವನು ಶನಿವಾರ ಮಧ್ಯಾಹ್ನದಿಂದ ನೀರು ಮುಟ್ಟಿರಲಿಲ್ಲ. ಬಾಯಲ್ಲಿ ಉಳಿದ ಎಂಜಲನ್ನೂ ಡಬ್ಬಿಗೆ ಉಗಿಯುತ್ತಿದ್ದ. ಭಾನುವಾರ ಬೆಳಗ್ಗೆ ಪ್ಲಾಸ್ಟಿಕ್ ಅಂಗಿ ತೊಟ್ಟು ಒಳಗೆ ಹೋದ.

"ನಾನು ಏನೇ ಬೊಬ್ಬೆ ಹೊಡೆದ್ರೂ ಹತ್ತು ನಿಮಿಷ ಆಗ್ದೆ ತೆಗೀಬೇಡ. ನನ್ನಾಣೆ."

ಹತ್ತು ನಿಮಿಷ ಒಳಗೆ, ಐದು ನಿಮಿಷ ಹೊರಗೆ. ಐದು ಸಲ ಹಾಗೆ ಆಯಿತು. ಅಖಾಡದ ತಕ್ಕಡಿ ಪಂದ್ಯದ ಜಾಗಕ್ಕೆ ಹೋಗಿತ್ತು. ಆದ್ದರಿಂದ ಬಟ್ಟೆಯ ಗಂಟು ತೂಗುವ ನಮ್ಮ ಲಾಂಡ್ರಿಯ ತಕ್ಕಡಿಯ ಮೇಲೆ ಅವನನ್ನು ನಿಲ್ಲಿಸಿದೆ. ಅರವತ್ತೈದೂ ಮುಕ್ಕಾಲು ತೋರಿಸಿತು.

"ಇನ್ನೂ ಮುಕ್ಕಾಲು ಕಿಲೋ" ಎಂದೆ.

ಅವನ ತುಟಿ ಸೀಳಿತ್ತು, ಆದರೆ ರಕ್ತ ಬರಲಿಲ್ಲ. ಗೋಡೆ ಹಿಡಿದು ಮತ್ತೆ ಒಳಗೆ ಹೋದ. ಈ ಸಲ ನಾಲ್ಕನೇ ನಿಮಿಷಕ್ಕೇ ಬಾಗಿಲು ಗುದ್ದತೊಡಗಿದ. ಮೊದಲು ಮುಷ್ಟಿ, ಆಮೇಲೆ ತಲೆ. ತಗಡು ಹೊರಗೆ ಉಬ್ಬಿ ಬಂತು. "ತೆಗಿಯೇ ರಂಡೆ, ಸಾಯ್ತೀನಿ, ತೆಗಿ!" ನಾನು ಬೆನ್ನು ಕೊಟ್ಟು ನಿಂತೆ. ಹತ್ತು ನಿಮಿಷ ತುಂಬಿಸಿದೆ. ಮತ್ತೊಂದು ಸಲ ಕಳಿಸಿ ಅಲ್ಲೂ ಹತ್ತು ತುಂಬಿಸಿದೆ. ಬಾಗಿಲು ತೆಗೆದಾಗ ಅವನು ಕಾಲಿಗೆ ಬಿದ್ದವನಂತೆ ನನ್ನ ಮೇಲೆ ಬಿದ್ದ. ತಕ್ಕಡಿ ಸರಿಯಾಗಿ ಅರವತ್ತೈದು ತೋರಿಸಿತು.

ಮರುದಿನ ಬೆಳಗ್ಗೆ ಪಂದ್ಯದವರ ತಕ್ಕಡಿಯ ಮೇಲೆ ನಿಂತಾಗ ಅದು ತೋರಿಸಿದ್ದು ಅರವತ್ನಾಲ್ಕೂ ಕಾಲು.

"ಯಾಕೋ ಇಷ್ಟು ಒಣಗಿದೀಯ? ಮುಕ್ಕಾಲು ಕಿಲೋ ದಂಡಕ್ಕೆ!" ಎಂದರು ಮಾಸ್ಟರು.

ಅಲ್ಲೇ ನನಗೆ ನೆನಪಾಯಿತು. ನಮ್ಮ ಮಾಲೀಕ ಗಿರಾಕಿಗಳಿಗೆ ಮೋಸ ಮಾಡಲು ಆ ತಕ್ಕಡಿಯನ್ನು ಮುಕ್ಕಾಲು ಕಿಲೋ ಹೆಚ್ಚು ತೋರಿಸುವಂತೆ ತಿರುಗಿಸಿ ಇಟ್ಟಿದ್ದ. ಒಂಬತ್ತು ವರ್ಷದಿಂದ ದಿನಾ ಅದರಲ್ಲಿ ತೂಗುವವಳು ನಾನು. ಲಾಂಡ್ರಿಯಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಬಟ್ಟೆ ತೂಗುವಾಗ ನಗುತ್ತಿದ್ದೆವು. ಗಂಡನನ್ನು ತೂಗುವಾಗ ನನಗೆ ನೆನಪಾಗಲಿಲ್ಲ. ಅವನು ಐದನೇ ಸಲಕ್ಕೇ ಇಳಿದಾಗಿತ್ತು. ಆಮೇಲೆ ಬಾಗಿಲು ಗುದ್ದಿದ್ದೆಲ್ಲ ಸುಮ್ಮನೆ.

ಉಪ್ಪು ಸಕ್ಕರೆ ಹಾಕಿದ ನೀರನ್ನು ಗುಟುಕು ಗುಟುಕಾಗಿ ಕೊಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಮಾಸ್ಟರು ಎರಡು ಲೀಟರ್ ಬರೀ ನೀರನ್ನು ಒಂದೇ ಉಸಿರಿಗೆ ಕುಡಿಸಿದರು, ಮೇಲೆ ಹುರಿದ ಮಾಂಸ ತುರುಕಿದರು. ಎಲ್ಲ ವಾಂತಿಯಾಯಿತು. "ಇವತ್ತು ಬಿಡು, ಆಡ್ಬೇಡ" ಎಂದು ಅಂಗಿ ಹಿಡಿದೆ. ಅವನು ನನ್ನ ಬೆರಳು ಒಂದೊಂದಾಗಿ ಬಿಡಿಸಿದ.

ಮೊದಲ ಸುತ್ತಿನಲ್ಲಿ ನನ್ನವನು ಕೊಡಲಿಯ ಹುಬ್ಬು ಒಡೆದ. ಎರಡನೆಯದರಲ್ಲಿ ನನ್ನವನ ಕಾಲು ಮರದ ಕಾಲಿನಂತಾಯಿತು. ಹೊಟ್ಟೆಗೆ ಮೊಣಕಾಲು, ಕಿವಿಗೆ ಗುದ್ದು, ಮತ್ತೆ ಹೊಟ್ಟೆಗೆ. ಅಷ್ಟು ಹೊಡೆತಕ್ಕೂ ಮೈಯಲ್ಲಿ ಬೆವರು ಬರಲಿಲ್ಲ. ಮೂರನೇ ಸುತ್ತಿನಲ್ಲಿ ಕೊಡಲಿಯ ಕಾಲು ಅವನ ಕಿವಿಯ ಮೇಲೆ ಬಿತ್ತು. ಕೈ ಊರದೆ ಬಿದ್ದ. ಹಿಂದಲೆ ನೆಲಕ್ಕೆ ಬಡಿದು ಒಮ್ಮೆ ಪುಟಿಯಿತು.

ಆಸ್ಪತ್ರೆಯ ಡಾಕ್ಟರು ಹೊರಗೆ ಬಂದು, "ತಲೆಯೊಳಗೆ ರಕ್ತ ಸೋರಿದೆ. ನೀರು, ಊಟ ಸರಿಯಾಗಿತ್ತಾ?" ಎಂದು ಕೇಳಿದರು.

"ಚೆನ್ನಾಗಿ ತಿಂದು ಕುಡಿದಿದ್ದ ಸಾರ್" ಎಂದರು ಮಾಸ್ಟರು.

"ಇಲ್ಲ" ಎಂದೆ. ಎಷ್ಟು ದಿನ ಹಸಿದಿದ್ದ, ಎಷ್ಟು ತಾಸು ನೀರಿಲ್ಲ, ಎಷ್ಟು ಸಲ ಬಿಸಿ ಕೋಣೆ ಎಲ್ಲ ಹೇಳಿದೆ. "ಬಾಗಿಲು ಹಿಡಿದವಳು ನಾನೇ." ಡಾಕ್ಟರು ಬರೆದುಕೊಂಡರು. ಮಾಸ್ಟರು ಮೆಟ್ಟಿಲು ಇಳಿದು ಹೋದವರು ತಿರುಗಿ ಬರಲಿಲ್ಲ.

ಬೆಂಚಿನ ತುದಿಯಲ್ಲಿ ಕೊಡಲಿ ಕೂತಿದ್ದ. ಹುಬ್ಬಿಗೆ ಹೊಲಿಗೆ ಹಾಕಿದ್ದರು. ನಾನು ಅವನ ಮುಖಕ್ಕೆ ಉಗಿಯಬೇಕೆಂದೇ ಹೋದೆ.

"ಅಕ್ಕಾ, ಎಷ್ಟು ಇಳಿಸಿದ್ದ?"

"ಏಳೂ ಮುಕ್ಕಾಲು."

"ನಾನು ಒಂಬತ್ತು." ಅವನ ನಾಲಿಗೆ ಅಂಗುಳಕ್ಕೆ ಅಂಟಿ ಮಾತು ತೊದಲುತ್ತಿತ್ತು. "ಮೂರನೇ ಸುತ್ತಲ್ಲಿ ಅವನು ನಂಗೆ ಇಬ್ಬರಾಗಿ ಕಾಣ್ತಿದ್ದ. ಯಾರಿಗೋ ಒಬ್ಬನಿಗೆ ಒದ್ದೆ."

ಅವನ ಉಗುರು ನೀಲಿಯಾಗಿತ್ತು. ನಾನು ಉಗಿಯಲಿಲ್ಲ. ಕೊರಳಪಟ್ಟಿ ಹಿಡಿದು ಎಳೆದೆ. ಕಾಲು ಬರದೆ ಬಿದ್ದವನನ್ನು ದರದರನೆ ನೆಲದ ಮೇಲೆಯೇ ಡಾಕ್ಟರ ಕೋಣೆಗೆ ಎಳೆದುಕೊಂಡು ಹೋದೆ. "ಇವನನ್ನೂ ನೋಡಿ. ಇವನೂ ಒಣಗಿದಾನೆ" ಎಂದೆ. ಅವನ ಕೈಗೂ ನೀರಿನ ಸೂಜಿ ಚುಚ್ಚಿದರು.

ನನ್ನವನು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಹೋದ. ಕೊಡಲಿ ಗುರುವಾರ ಎದ್ದು ನಡೆದ.