ದೋಲಿನಾ ದೊಡ್ಡಮ್ಮನ ಆರು ಗಜ

ನಮ್ಮ ದೊಡ್ಡಮ್ಮ ದೋಲಿನಾ ಎಂಬತ್ತೊಂದು ವರ್ಷ ಬದುಕಿದಳು. ಅಷ್ಟೂ ವರ್ಷ ಚರ್ಚಿನೊಳಗೆ ಕೀರ್ತನೆ ಹಾಡುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಾಯಿ ತೆರೆದವಳಲ್ಲ. ಲೂಯಿಸ್ ದ್ವೀಪದ ನಮ್ಮ ಸಭೆಯಲ್ಲಿ ಹೆಂಗಸರು ಮಾತಾಡುವ ಪದ್ಧತಿಯೇ ಇಲ್ಲ. ಚರ್ಚಿನಲ್ಲಿ ಉಳಿಸಿದ ಮಾತನ್ನೆಲ್ಲ ಅವಳು ಮನೆಯಲ್ಲಿ ಖರ್ಚು ಮಾಡುತ್ತಿದ್ದಳು.

ಮದುವೆಗೆ ಮುಂಚೆ ಎಂಟು ವರ್ಷ ಅವಳು ಹೆರಿಂಗ್ ಮೀನು ಸೀಳುವ ಕೆಲಸಕ್ಕೆ ದೋಣಿಗಳ ಹಿಂದೆ ಊರೂರು ಅಲೆದಿದ್ದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡರೂ ಚಾಕು ತಾಗಿ ಉಪ್ಪು ಇಳಿದ ಗುರುತುಗಳು ಕೊನೆಯವರೆಗೂ ಇದ್ದವು. ಸತ್ಯವೇದವನ್ನು ಅವಳು ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ದಿನವೂ ಸಂಜೆ ದೊಡ್ಡಪ್ಪ ಒಂದು ಅಧ್ಯಾಯ ಓದುವಾಗ ಕಾಲುಚೀಲ ಹೆಣೆಯುತ್ತ ಕೂತಿರುತ್ತಿದ್ದಳು. ಓದು ಮುಗಿದ ಮೇಲೆ ಅವಳದು ಒಂದೇ ಮಾತು: "ಸರಿ, ಈಗ ಇದಕ್ಕೆ ಏನು ಮಾಡ್ಬೇಕು?" ವಿಧವೆಯರ ಬಗ್ಗೆ ಓದಿದರೆ ಮಾರನೆಯ ದಿನ ಯಾರಾದರೊಬ್ಬ ವಿಧವೆಯ ಬಾಗಿಲಿಗೆ ಒಂದು ಬಕೆಟ್ ಆಲೂಗಡ್ಡೆ ಹೋಗುತ್ತಿತ್ತು. ಹೊಲದ ಹೂಗಳು ದುಡಿಯುವುದಿಲ್ಲ, ನೂಲುವುದಿಲ್ಲ ಎಂದು ಓದಿದ ದಿನ ಮಾತ್ರ, "ಇದು ಗಂಡಸ್ರಿಗೆ ಹೇಳಿದ್ದಿರ್ಬೇಕು" ಅಂದುಬಿಟ್ಟಳಂತೆ.

ದೊಡ್ಡಪ್ಪ ಟಾರ್ಕಿಲ್ ನೇಕಾರ, ಸಭೆಯ ಹಿರಿಯ, ಮೇಲಾಗಿ ಮಾತುಗಾರ. ಒಂದು ವಚನ ಕೊಟ್ಟರೆ ಅದನ್ನು ಹಿಂಜಿ, ನೂತು, ನೇಯ್ದು ಕೈಗೆ ಕೊಡುತ್ತಿದ್ದ. ನನ್ನ ಅಪ್ಪ ಫಿನ್ಲೇ ಅವನ ತಮ್ಮ. ನಮ್ಮೆರಡು ಮನೆಗಳ ನಡುವೆ ಒಂದು ಕಲ್ಲಿನ ಗೋಡೆ, ಒಂಬತ್ತು ವರ್ಷದ ಮೌನ.

ಮೌನಕ್ಕೆ ಕಾರಣ ಪೀಟ್, ಒಲೆಯಲ್ಲಿ ಉರಿಸುವ ಜೌಗಿನ ಕರಿಮಣ್ಣು. ಜೌಗುನೆಲದಲ್ಲಿ ಒಂದೊಂದು ಮನೆಗೂ ಒಂದೊಂದು ಪಟ್ಟಿ ಇರುತ್ತದೆ. ಮೇ ತಿಂಗಳಲ್ಲಿ ಅದರ ಕರಿಮಣ್ಣನ್ನು ಹೆಂಟೆ ಹೆಂಟೆಯಾಗಿ ಕತ್ತರಿಸಿ, ಒಣಗಿಸಿ ತಂದರೆ ವರ್ಷವಿಡೀ ಒಲೆಗೆ ಅದೇ. ಕತ್ತರಿಸುವುದು ಇಬ್ಬರ ಕೆಲಸ: ಒಬ್ಬರು ಸಲಿಕೆ ಹಾಕಬೇಕು, ಇನ್ನೊಬ್ಬರು ಒದ್ದೆ ಹೆಂಟೆಯನ್ನು ಹಿಡಿದು ಪಕ್ಕಕ್ಕೆ ಎಸೆಯಬೇಕು. ಸಾವಿರದ ಒಂಬೈನೂರ ನಲವತ್ತೊಂಬತ್ತರ ಮೇನಲ್ಲಿ ಅಮ್ಮನಿಗೆ ಕಾಯಿಲೆ ಜೋರಾಗಿ ಅಪ್ಪ ಅವಳ ಜೊತೆ ಪಟ್ಟಣದ ಆಸ್ಪತ್ರೆಯಲ್ಲಿದ್ದ. ತಿರುಗಿ ಬಂದು ನೋಡಿದರೆ ನಮ್ಮ ಪಟ್ಟಿಯಲ್ಲಿ ಆರು ಗಜ ಖಾಲಿ. ಪಕ್ಕದ ಪಟ್ಟಿ ದೊಡ್ಡಪ್ಪನದು. ಅಪ್ಪ ಕೇಳಿದ್ದಕ್ಕೆ, "ಗಡಿಕಲ್ಲು ಚಳಿಗಾಲದಲ್ಲೇ ಜೌಗಿನೊಳಗೆ ಹೂತುಹೋಗಿತ್ತು, ಅಂದಾಜಿನ ಮೇಲೆ ಕತ್ತರಿಸಿದೆ" ಅಂದ. ಅಪ್ಪ ಜನರ ಮುಂದೆ ಅವನನ್ನು ಕಳ್ಳ ಅಂದ. ಅಲ್ಲಿಗೆ ಮುಗಿಯಿತು. ಆರು ಗಜ ಅಂದರೆ ನಮಗೆ ಒಂದು ತಿಂಗಳ ಬೆಂಕಿ. ಮುಂದಿನ ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡಳು. ಅಣ್ಣತಮ್ಮ ಇಬ್ಬರೂ ಅವಳ ಪೆಟ್ಟಿಗೆಗೆ ಎದುರುಬದುರು ಹೆಗಲು ಕೊಟ್ಟರು, ಒಂದು ಮಾತಾಡಲಿಲ್ಲ.

ಆಮೇಲೆ ಅಪ್ಪ ಕರ್ತನ ಭೋಜನಕ್ಕೆ, ಅಂದರೆ ಚರ್ಚಿನ ಮೇಜಿನಲ್ಲಿ ಪವಿತ್ರ ರೊಟ್ಟಿ ಹಂಚಿಕೊಂಡು ತಿನ್ನುವುದಕ್ಕೆ, ಕೂರುವುದನ್ನೇ ಬಿಟ್ಟ. "ಎದೇಲಿ ಇಷ್ಟು ಕಹಿ ಇಟ್ಕೊಂಡು ಆ ರೊಟ್ಟಿ ಮುಟ್ಟೋಕಾಗಲ್ಲ ಮುರ್ದಿನಾ" ಎಂದು ನನಗೊಮ್ಮೆ ಹೇಳಿದ. ದೊಡ್ಡಪ್ಪ ಮಾತ್ರ ವಸಂತದಲ್ಲೂ ಶರತ್ಕಾಲದಲ್ಲೂ ತಪ್ಪದೆ ಕೂರುತ್ತಿದ್ದ. ಯಾರಾದರೂ ಕೇಳಿದರೆ, "ನಾನು ಅವನನ್ನ ಎಂದೋ ಕ್ಷಮಿಸಿದೀನಿ" ಅನ್ನುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಈಗ ನನಗೆ ಅವನಷ್ಟೇ ವಯಸ್ಸಾಗಿದೆ, ಈಗಲೂ ಉರಿಯುತ್ತದೆ.

ಐವತ್ತೆಂಟರ ಅಕ್ಟೋಬರ್‌ನಲ್ಲಿ ಭೋಜನದ ಐದು ದಿನಗಳು ಬಂದವು. ಗುರುವಾರದಿಂದ ಸೋಮವಾರದವರೆಗೆ ಬೇರೆ ಊರುಗಳ ಜನ ಬಂದು ಮನೆಮನೆಯಲ್ಲಿ ಇಳಿದುಕೊಳ್ಳುತ್ತಾರೆ. ದೊಡ್ಡಮ್ಮನ ಮನೆಯಲ್ಲಿ ಹನ್ನೊಂದು ಜನ. ಅವರಲ್ಲಿ ಸ್ಕೈ ದ್ವೀಪದ ಮುದುಕ ಲಾಕ್ಲನ್ ಒಬ್ಬ. ಅವನು ಅದೇ ಮೊದಲ ಸಲ ಬಂದವನು, ನಮ್ಮ ಜಗಳದ ತಲೆಬುಡ ಗೊತ್ತಿಲ್ಲದವನು.

ಶುಕ್ರವಾರವೆಂದರೆ ನಮ್ಮಲ್ಲಿ ಪ್ರಶ್ನೆಯ ದಿನ. ಸಭೆಯಲ್ಲಿ ಒಬ್ಬ ಹಿರಿಯ ಎದ್ದು ಒಂದು ವಚನ ಕೊಟ್ಟು, ಈ ವಚನದಂತೆ ನಡೆಯುವ ನಿಜವಾದ ವಿಶ್ವಾಸಿಯ ಗುರುತೇನು ಎಂದು ಕೇಳುತ್ತಾನೆ. ಪಾದ್ರಿಗಳು ಒಬ್ಬೊಬ್ಬ ಗಂಡಸನ್ನೇ ಹೆಸರು ಹಿಡಿದು ಕರೆಯುತ್ತಾರೆ, ಕರೆಸಿಕೊಂಡವನು ಎದ್ದು ತನ್ನ ಅನುಭವದಿಂದ ಗುರುತು ಹೇಳಬೇಕು. ಆದರೆ 'ನಾನು' ಅನ್ನುವಂತಿಲ್ಲ. 'ಅಂಥವನೊಬ್ಬ ಇದ್ದಾನೆ' ಎಂದೇ ಹೇಳಬೇಕು. ತನ್ನನ್ನು ತಾನೇ ಮೆರೆಸಿಕೊಳ್ಳಬಾರದೆಂದು ಹಿಂದಿನವರು ಮಾಡಿದ ಪದ್ಧತಿ ಇದು. ಅದರ ಹಿಂದೆ ಅಡಗಿಕೊಳ್ಳುವುದೂ ಸುಲಭ.

ಆ ಸಲ ವಚನ ಕೊಡುವ ಸರದಿ ಲಾಕ್ಲನ್‌ನದು. ಬೆಳಿಗ್ಗೆ ಗಂಜಿ ಬಡಿಸುವಾಗ ಅವನು, "ಇವತ್ತು ಯಾವ ವಚನ ಕೊಡ್ಲಿ ಅಂತ ತಿಳೀತಾ ಇಲ್ಲಮ್ಮ, ನನಗೆ ಗೊತ್ತಿರೋದನ್ನೆಲ್ಲ ನಮ್ಮೂರಲ್ಲೇ ಕೇಳಿ ಮುಗಿಸಿದೀನಿ" ಅಂದನಂತೆ.

ದೊಡ್ಡಮ್ಮ ಸೌಟು ಕೆಳಗಿಡದೆಯೇ, "ಮತ್ತಾಯ ಐದು, ಇಪ್ಪತ್ತಮೂರು ಇಪ್ಪತ್ತನಾಲ್ಕು" ಅಂದಳು. ದೊಡ್ಡಪ್ಪ ಆಗ ಹಸುವಿಗೆ ಹುಲ್ಲು ಹಾಕಲು ಹೋಗಿದ್ದ.

ಹನ್ನೆರಡು ಗಂಟೆಗೆ ಲಾಕ್ಲನ್ ಸಭೆಯಲ್ಲಿ ಎದ್ದು ಆ ವಚನವನ್ನೇ ಕೊಟ್ಟ: ನೀನು ಬಲಿಪೀಠಕ್ಕೆ ಕಾಣಿಕೆ ತಂದಾಗ, ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗು, ಆಮೇಲೆ ಬಂದು ಅರ್ಪಿಸು. ಇದರಂತೆ ನಡೆಯುವವನ ಗುರುತೇನು ಎಂದು ಕೇಳಿ ಕೂತ. ನನ್ನ ಪಕ್ಕದಲ್ಲಿ ಅಪ್ಪ ನೆಲ ನೋಡುತ್ತ ಕೂತಿದ್ದ. ಮೂರನೆಯವನಾಗಿ ಪಾದ್ರಿಗಳು ದೊಡ್ಡಪ್ಪನ ಹೆಸರು ಕರೆದರು.

ಅವನು ಎದ್ದು ಹತ್ತು ನಿಮಿಷ ಮಾತಾಡಿದ. ಅಂಥವನೊಬ್ಬ ಇದ್ದಾನೆ, ಅವನು ತನ್ನ ಮೇಲೆ ಬಂದ ಅಪವಾದವನ್ನು ಸಹಿಸುತ್ತಾನೆ, ದಿನವೂ ತಮ್ಮನ ಹೆಸರು ಹಿಡಿದು ಪ್ರಾರ್ಥಿಸುತ್ತಾನೆ, ಎದೆಯಲ್ಲಿ ಕಹಿಯ ಹನಿಯನ್ನೂ ಇಟ್ಟುಕೊಳ್ಳುವುದಿಲ್ಲ ಎಂದ. ಮುದುಕರು ನಿಟ್ಟುಸಿರು ಬಿಟ್ಟರು. ಕೆಲವು ಹೆಂಗಸರು ಕರ್ಚೀಫು ತೆಗೆದರು. ಮುಂದಿನ ಸಾಲಿನಲ್ಲಿ ದೊಡ್ಡಮ್ಮನ ಕುತ್ತಿಗೆ ಕೆಂಪಾಗಿದ್ದು ಟೋಪಿಯ ಕೆಳಗಿಂದ ನನಗೆ ಕಾಣುತ್ತಿತ್ತು.

ಊಟಕ್ಕೆ ಕೂತಾಗ ಲಾಕ್ಲನ್ ಹೊಗಳಿದ. "ಬಹಳ ಚೆನ್ನಾಗಿ ಬಿಡಿಸಿ ಹೇಳಿದ್ರಿ ಟಾರ್ಕಿಲ್."

ದೊಡ್ಡಮ್ಮ ಕುರಿಸಾರು ಬಡಿಸುತ್ತಿದ್ದವಳು, "ಲಾಕ್ಲನ್, ಒಂದು ಮಾತು. ಆ ವಚನದಲ್ಲಿ ಎದ್ದು ಹೋಗ್ಬೇಕಾದೋನು ಯಾರು?" ಅಂದಳು.

"ಕಾಣಿಕೆ ತಂದೋನು."

"ಮನಸ್ಸು ನೊಂದಿರೋದು ಯಾರಿಗೆ?"

"ಇನ್ನೊಬ್ಬನಿಗೆ, ಅವನ ತಮ್ಮನಿಗೆ."

"ಹಾಗಾದ್ರೆ ಮನೇಲಿ ಕೂತ್ಕೊಂಡು ನಾನು ಕ್ಷಮಿಸಿದೀನಿ ಅನ್ನೋನು ಆ ವಚನದಲ್ಲಿ ಎಲ್ಲಿದಾನೆ ಸ್ವಲ್ಪ ತೋರ್ಸಿ."

ದೊಡ್ಡಪ್ಪ ತಲೆ ಎತ್ತದೆ, "ದೋಲಿನಾ, ಸಾರು ಆರ್ತಾ ಇದೆ" ಅಂದ. ಅವಳು ಮುಂದಿನ ತಟ್ಟೆಗೆ ಸಾರು ಹಾಕಿದಳು.

ಶನಿವಾರ ಬೆಳಿಗ್ಗೆ ಅವಳು ಎರಡು ದಿನಕ್ಕಾಗುವಷ್ಟು ಆಲೂಗಡ್ಡೆ ಸುಲಿಯುತ್ತಿದ್ದಳು. ಭಾನುವಾರ ನಮ್ಮಲ್ಲಿ ಚಾಕು ಮುಟ್ಟುವಂತಿಲ್ಲ. ಎಷ್ಟೋ ವರ್ಷದ ಮೇಲೆ ಅವಳು ಆ ಹೊತ್ತಿನ ವಿಷಯವನ್ನು ನನಗೆ ಹೀಗೆ ಹೇಳಿದಳು: "ಒಂದೊಂದೇ ಆಲೂಗಡ್ಡೆ ಬಕೆಟ್ಟಿಗೆ ಎಸೀತಾ ಇದ್ದೆ ಕಣೆ. ಕೈ ನೋಡ್ಕೊಂಡೆ. ಅವತ್ತು ಪೀಟ್ ಎಸ್ದಿದ್ದೂ ಇದೇ ಕೈ ಅಲ್ವಾ? ನಿಮ್ಮ ದೊಡ್ಡಪ್ಪ ಕತ್ತರಿಸಿದ್ದು, ಎಸ್ದೋಳು ನಾನು. ಆರು ಗಜ ನನ್ನ ಕೈ ಮೇಲೆ ಹಾದುಹೋಗಿದೆ. ವಚನಾನ ಅವನ ಕಡೆ ಗುರಿ ಇಟ್ಟು ಹೊಡೆದೆ ಅಂದ್ಕೊಂಡಿದ್ದೆ. ನೋಡಿದ್ರೆ ಮೊದಲು ಎದ್ದು ಹೋಗ್ಬೇಕಾಗಿದ್ದೋಳು ನಾನು. ಒಂಬತ್ತು ವರ್ಷ ಬಾಯಿ ಮುಚ್ಕೊಂಡು ರೊಟ್ಟಿ ತಿಂದಿದೀನಿ."

ಭಾನುವಾರ ಭೋಜನದ ಮೇಜಿಗೆ ಕೂರಬೇಕಾದವರು ಶನಿವಾರದ ಬೋಧನೆಯ ಕೊನೆಗೆ ಮುಂದೆ ಬಂದು ಹಿರಿಯರ ಕೈಯಿಂದ ಒಂದೊಂದು ಸೀಸದ ಬಿಲ್ಲೆ ತೆಗೆದುಕೊಳ್ಳಬೇಕು. ಬಿಲ್ಲೆ ಇಲ್ಲದವರಿಗೆ ಮೇಜಿನಲ್ಲಿ ಜಾಗವಿಲ್ಲ. ಆ ವರ್ಷ ಬಿಲ್ಲೆಯ ತೊಗಲಿನ ಚೀಲ ದೊಡ್ಡಪ್ಪನ ಕೈಯಲ್ಲಿತ್ತು. ಅಪ್ಪ ಎಂದಿನಂತೆ ಬಿಲ್ಲೆ ಕೊಡುವ ಮೊದಲೇ ಎದ್ದ, ಅವನ ಜೊತೆ ನಾನೂ ಮನೆಗೆ ಬಂದೆ. ಮುಂದಿನದನ್ನು ನನಗೆ ಹತ್ತು ಜನ ಹತ್ತು ಥರ ಹೇಳಿದ್ದಾರೆ. ಎಲ್ಲರೂ ಒಪ್ಪುವುದು ಇಷ್ಟು: ದೊಡ್ಡಮ್ಮ ಸಾಲಿನಲ್ಲಿ ಮೊದಲು ನಿಂತಳು, ಗಂಡನ ಕೈಯಿಂದ ಬಿಲ್ಲೆ ತೆಗೆದುಕೊಂಡಳು, ಅದನ್ನು ಅವನ ಮುಂದಿನ ಮೇಜಿನ ಮೇಲೆ ಇಟ್ಟಳು, ಹಿಂತಿರುಗಿ ನಡುದಾರಿಯಲ್ಲಿ ನಡೆದು ಬಾಗಿಲು ದಾಟಿ ಹೋದಳು. ಒಂದು ಮಾತಿಲ್ಲ. ನಿನ್ನೆಯ ವಚನ ಎಲ್ಲರ ಕಿವಿಯಲ್ಲೂ ಇನ್ನೂ ಇತ್ತು, ಹಾಗಾಗಿ ಮಾತು ಬೇಕಾಗಿರಲೂ ಇಲ್ಲ.

ಅವಳು ನಮ್ಮ ಮನೆಗೆ ಬಂದಾಗ ಅಪ್ಪ ಕಾಲರ್ ಬಿಚ್ಚುತ್ತಿದ್ದ. ನಾನು ಒಲೆಗೆ ಪೀಟ್ ಹಾಕುತ್ತಿದ್ದೆ. ಕರಿ ಕೋಟು, ಕರಿ ಟೋಪಿಯಲ್ಲಿ ಅಡುಗೆಮನೆಯ ನಡುವೆ ನಿಂತಳು. ಕೂರಲು ಅಲ್ಲಿ ಖಾಲಿ ಇದ್ದದ್ದು ಅಮ್ಮನ ಕುರ್ಚಿ ಒಂದೇ. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ, ಅವಳೂ ಕೂರಲಿಲ್ಲ.

"ಫಿನ್ಲೇ, ಆ ಆರು ಗಜ ನಾನೇ ಎಸ್ದಿದ್ದು. ನಿಮ್ಮ ಪಟ್ಟಿ ಅಂತ ನನಗೆ ಗೊತ್ತಿತ್ತು. ಹೇಳ್ಬೇಕಾಗಿತ್ತು, ಹೇಳಲಿಲ್ಲ."

ಅಪ್ಪ ಕಾಲರನ್ನು ಕೈಯಲ್ಲೇ ಹಿಡಿದುಕೊಂಡು, "ಗೊತ್ತಿತ್ತು ದೋಲಿನಾ. ಕತ್ತರಿಸೋದು ಒಬ್ಬರ ಕೈಲಿ ಆಗೋ ಕೆಲಸ ಅಲ್ವಲ್ಲ" ಅಂದ.

"ಮತ್ತೆ ಯಾಕೆ ಒಂದು ದಿನಾನೂ ನನ್ನ ಕೇಳಲಿಲ್ಲ?"

"ಶಾಲೇಲಿ ಒಂದೇ ಬೆಂಚಲ್ಲಿ ಕೂತು ಓದಿದೋರು ನಾವು. ನೀನಾಗೇ ಬರ್ತೀಯ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ದೊಡ್ಡಪ್ಪ ಏದುಸಿರು ಬಿಡುತ್ತ ನಿಂತಿದ್ದ, ಮುಖ ಕೆಂಪಗೆ. "ಇಡೀ ಸಭೆ ಮುಂದೆ ನನ್ನ ಮಾನ ಕಳೆದ್ಯಲ್ಲೇ! ಏನಂತ ತಿಳ್ಕೊಂಡಿದೀಯ?"

"ನನ್ನ ಪಾಲಿಂದು ಹೇಳಿ ಮುಗಿಸಿದೀನಿ" ಅಂದಳು ದೊಡ್ಡಮ್ಮ. "ಉಳಿದಿದ್ದು ನಿಂದು. ಇಲ್ಲಿ 'ಅಂಥವನೊಬ್ಬ' ಅನ್ಬೇಡ ಮತ್ತೆ, ಇರೋದು ನಾವು ನಾಲ್ಕೇ ಜನ."

ದೊಡ್ಡಪ್ಪನ ಕಣ್ಣು ಅಮ್ಮನ ಕುರ್ಚಿಯ ಮೇಲೆ ಹೋಯಿತು, ಅಲ್ಲೇ ನಿಂತಿತು.

"ಗಡಿಕಲ್ಲು ಕಾಣ್ತಾ ಇತ್ತು ಫಿನ್ಲೇ" ಅಂದ. "ಹೂತಿರಲಿಲ್ಲ. ಕಂಡೂ ಕತ್ತರಿಸಿದೆ. ನೀನು ಊರಲ್ಲಿರಲಿಲ್ಲ, ಮಣ್ಣು ಚೆನ್ನಾಗಿತ್ತು. ಅಷ್ಟೇ. ಬೇರೆ ಕಾರಣ ಏನೂ ಇಲ್ಲ."

ಅಪ್ಪ ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ನನಗೆ ಸಂತೋಷವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಅವನು ಮೆಲ್ಲಗೆ ಹೇಳಿದ್ದು ಇಷ್ಟೇ: "ಆ ಫೆಬ್ರವರೀಲಿ ಅವಳಿಗೆ ತುಂಬಾ ಚಳಿ ಆಗ್ತಿತ್ತು, ಟಾರ್ಕಿಲ್."

ದೊಡ್ಡಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತ. ಅವನು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ, ತಡೆಯಲೂ ಇಲ್ಲ. ಬಹಳ ಹೊತ್ತಾದ ಮೇಲೆ ಅಪ್ಪ ಹತ್ತಿರ ಹೋಗಿ ಅವನ ತೋಳು ಹಿಡಿದ. ಹಿಡಿದವನೇ ಕೆಳಗೆ ನೋಡಿ ಕೇಳಿದ:

"ಅದೇನೋ ಕೈಯಲ್ಲಿ?"

ಬಿಲ್ಲೆಯ ಚೀಲ! ಸಿಟ್ಟಿನಲ್ಲಿ ಹೊರಟವನು ಅದನ್ನೂ ಹಿಡಿದುಕೊಂಡೇ ಬಂದಿದ್ದ. ಅಲ್ಲಿ ಚರ್ಚಿನಲ್ಲಿ ಇಡೀ ಸಭೆ ಕಾಯುತ್ತಿತ್ತು, ಒಂದು ಬಿಲ್ಲೆಯೂ ಇರಲಿಲ್ಲ.

"ಅಯ್ಯೋ ನನ್ನ ದೇವರೇ" ಅಂದ ದೊಡ್ಡಪ್ಪ. ಅಪ್ಪನಿಗೆ ನಗು ಬಂತು. ಅಮ್ಮ ಹೋದಮೇಲೆ ನಾನು ಕೇಳಿರದ ನಗು ಅದು. "ನಡಿ ನಡಿ, ಪಾದ್ರಿಗಳು ನಿನ್ನ ಮೇಲೆ ಇನ್ನೊಂದು ಪ್ರಶ್ನೆ ಇಟ್ಟಾರು" ಎಂದು ಕಾಲರನ್ನು ತಿರುಗಿ ಹಾಕಿಕೊಂಡ.

ನಾವು ಹೋಗಿ ನೋಡಿದರೆ ಹೊತ್ತು ಕಳೆಯಲು ಇರುವುದರಲ್ಲೇ ಉದ್ದದ ಕೀರ್ತನೆ ಶುರುವಾಗಿ, ಅದೂ ಮುಗಿಯುತ್ತ ಬಂದಿತ್ತು. ಪಾದ್ರಿಗಳು ಏನೂ ಕೇಳಲಿಲ್ಲ. ದೊಡ್ಡಪ್ಪ ಚೀಲಕ್ಕೆ ಕೈಹಾಕಿ ಮೊದಲ ಬಿಲ್ಲೆಯನ್ನು ಅಪ್ಪನ ಅಂಗೈಯಲ್ಲಿಟ್ಟ. ದೊಡ್ಡಮ್ಮನಿಗೆ ಕೊಡುವ ಅಗತ್ಯ ಬೀಳಲಿಲ್ಲ. ಅವಳದು ಇಟ್ಟ ಜಾಗದಲ್ಲೇ ಇತ್ತು, ಅಷ್ಟು ಹೊತ್ತೂ ಅದನ್ನು ಯಾರೂ ಮುಟ್ಟಿರಲಿಲ್ಲ. ಅವಳೇ ಎತ್ತಿಕೊಂಡಳು.

ಅಷ್ಟು ಜನರ ಮುಂದೆ ಎದ್ದು ಬರುವಾಗ ಭಯವಾಗಲಿಲ್ಲವೇ ಎಂದು ಅವಳನ್ನು ಒಮ್ಮೆ ಕೇಳಿದೆ. "ಭಯ ಏನು ಬಂತು? ಒಲೆ ಮೇಲೆ ಸಾರು ಇಟ್ಟು ಬಂದಿದ್ದೆ, ಹನ್ನೊಂದು ಜನರ ಸಾರು. ತಳ ಹಿಡಿದೇ ಹಿಡೀತು" ಅಂದಳು.

ಮುಂದಿನ ಮೇನಲ್ಲಿ ದೊಡ್ಡಪ್ಪ ತನ್ನ ಪಟ್ಟಿಯಿಂದ ಆರು ಗಜ ಅಳೆದು ಕತ್ತರಿಸಿದ, ದೊಡ್ಡಮ್ಮ ಎಸೆದಳು. ಆಗಸ್ಟ್‌ನಲ್ಲಿ ಒಣಗಿದ ಹೆಂಟೆಗಳನ್ನು ಅವಳೇ ತಂದು ನಮ್ಮ ಗೋಡೆಗೆ ಒಟ್ಟಿದಳು. ಅಪ್ಪ ಬೇಡ ಅನ್ನಲಿಲ್ಲ. ಅದನ್ನು ಬೇರೆಯಾಗಿಯೇ ಇಡಿಸಿ, ಫೆಬ್ರವರಿಯ ತನಕ ನನಗೆ ಮುಟ್ಟಲು ಬಿಡಲಿಲ್ಲ. ಅಮ್ಮ ತೀರಿಕೊಂಡ ತಾರೀಖು ಬಂದ ದಿನ ತಾನೇ ಹೋಗಿ ಒಂದು ಬುಟ್ಟಿ ತುಂಬಿ ತಂದು ಒಲೆ ಹೊತ್ತಿಸಿದ. ಒಳ್ಳೆ ಕರಿ ಮಣ್ಣು, ಚೆನ್ನಾಗಿ ಉರಿಯಿತು. ಆಮೇಲೆ ನನ್ನನ್ನು ಕಳಿಸಿ ದೊಡ್ಡಮ್ಮನನ್ನು ಕರೆಸಿದ. ಅವಳು ಬಂದು ಬಾಗಿಲಲ್ಲಿ ನಿಂತಾಗ ಅಪ್ಪ ಅಮ್ಮನ ಕುರ್ಚಿಯನ್ನು ಬೆಂಕಿಯ ಹತ್ತಿರಕ್ಕೆ ಎಳೆದ.

"ಕೂತ್ಕೋ ದೋಲಿನಾ" ಅಂದ.